ರಾತ್ರಿಪಾಳಿಯ ಮನೆಯಲ್ಲಿ ಹಗಲಿನ ಪಾಠ

ಬೆಳಗಿನ ಹತ್ತು ಗಂಟೆಯ ಹೊತ್ತು. ಸಂಡೂರು ತಾಲೂಕಿನ ದೋಣಿಮಲೈ ವಸತಿನಗರದ ಮನೆಯೊಂದರಲ್ಲಿ ಕಿಟಕಿಗಳ ಪರದೆ ಇನ್ನೂ ಸರಿದಿಲ್ಲ. ರಾತ್ರಿಯೆಲ್ಲ ಗಣಿಯಲ್ಲಿ ದುಡಿದು ಬಂದ ತಂದೆ ಒಳಕೋಣೆಯಲ್ಲಿ ನಿದ್ರಿಸುತ್ತಿದ್ದಾನೆ. ಬಾಗಿಲ ಬಳಿ ಅವನ ಬೂಟುಗಳು, ಅವುಗಳ ಮೇಲೆ ಅದಿರಿನ ಕೆಂಪು ಧೂಳು. ಶಾಲೆಗೆ ರಜೆ. ನಡುಮನೆಯಲ್ಲಿ ಆರು ವರ್ಷದ ಮಗ ನಿಂತಿದ್ದಾನೆ. ಅವನ ಕೈಯಲ್ಲಿ ಹೊಸ ರಬ್ಬರಿನ ಚೆಂಡು. ಚೆಂಡು ಇರುವುದು ಪುಟಿಯುವುದಕ್ಕೆ; ಪುಟಿದರೆ ಸದ್ದಾಗುವುದು; ಸದ್ದಾದರೆ ಅಪ್ಪನಿಗೆ ಎಚ್ಚರವಾಗುವುದು. ಆರು ವರ್ಷದ ಜೀವಕ್ಕೆ ಇದಕ್ಕಿಂತ ದೊಡ್ಡ ಧರ್ಮಸಂಕಟ ಬೇರೊಂದಿಲ್ಲ.

ತಾಯಿಯ ಮುಂದೆ ಆಗ ಮೂರು ದಾರಿಗಳಿವೆ. ಚೆಂಡನ್ನು ಕಿತ್ತುಕೊಂಡು ಅಟ್ಟದ ಮೇಲೆ ಎಸೆಯುವುದು ಮೊದಲನೆಯದು. ಕೈಗೆ ಮೊಬೈಲು ಕೊಟ್ಟು ಮೂಲೆಯಲ್ಲಿ ಕೂರಿಸುವುದು ಎರಡನೆಯದು. ಈ ಕಾಲದಲ್ಲಿ ಹೆಚ್ಚು ಮನೆಗಳು ಹಿಡಿಯುವ ದಾರಿ ಇದೇ ಎಂಬುದನ್ನು ಒಪ್ಪಿಕೊಳ್ಳಬೇಕು. ಮೂರನೆಯದು ಸ್ವಲ್ಪ ಸಮಯ ಬೇಡುವ ದಾರಿ. ಆ ತಾಯಿ ಮಗನ ಕೈ ಹಿಡಿದು ಒಳಕೋಣೆಯ ಬಾಗಿಲಿನವರೆಗೆ ಕರೆದೊಯ್ದು, ಮಲಗಿದ ಅಪ್ಪನನ್ನು ತೋರಿಸಿ, ಪಿಸುದನಿಯಲ್ಲಿ ಹೇಳುತ್ತಾಳೆ:

"ನೋಡಪ್ಪಾ, ನಮಗೀಗ ಹಗಲು, ಅಪ್ಪಂಗೆ ಈಗ ರಾತ್ರಿ. ನಾವು ಮಲಗಿದ್ದಾಗ ಅಪ್ಪ ಎದ್ದಿದ್ರು. ಮೂರು ಗಂಟೆಗೆ ಏಳ್ತಾರೆ. ಅಲ್ಲೀತನಕ ಈ ಚೆಂಡನ್ನ ಏನು ಮಾಡೋಣ, ನೀನೇ ಹೇಳು."

ಮಗ ಯೋಚಿಸುತ್ತಾನೆ. ಅಮ್ಮನ ಹಳೆಯ ಸೀರೆಯ ತುಂಡೊಂದನ್ನು ತಂದು ಚೆಂಡಿಗೆ ಸುತ್ತಿ, ಚಾಪೆಯ ಮೇಲೆ ಉರುಳಿಸಿ ನೋಡುತ್ತಾನೆ. ಸದ್ದಿಲ್ಲ. ಅವನ ಮುಖ ಅರಳುತ್ತದೆ.

ಇದು ಯಾವುದೋ ಒಂದೇ ಮನೆಯ ಕಥೆಯಲ್ಲ. ರಾತ್ರಿಪಾಳಿಯಿರುವ ಯಾವ ಮನೆಯಲ್ಲಾದರೂ, ವಾರಕ್ಕೊಮ್ಮೆ, ಬೇರೆ ಬೇರೆ ರೂಪದಲ್ಲಿ ಇದು ನಡೆಯಬಹುದು. ರಾಷ್ಟ್ರೀಯ ಖನಿಜ ಅಭಿವೃದ್ಧಿ ನಿಗಮವು ಸ್ಥಾಪನೆಯಾದದ್ದು 1958ರಲ್ಲಿ. ಅದರ ದೋಣಿಮಲೈ ಗಣಿ ಕಾರ್ಯಾರಂಭ ಮಾಡಿದ್ದು 1977ರಲ್ಲಿ. ಹೆಸರಿನಲ್ಲಿ ದೋಣಿ ಇದ್ದರೂ ಈ ಬೆಟ್ಟದಲ್ಲಿ ತೇಲುವುದು ಕೆಂಪು ಧೂಳೇ ಹೊರತು ದೋಣಿಯಲ್ಲ. ಅದಿರು ಅಗೆಯುವ, ಒಡೆಯುವ, ಸಾಗಿಸುವ ಯಂತ್ರಗಳಿಗೆ ಹಗಲೂ ಒಂದೇ, ಇರುಳೂ ಒಂದೇ. ಅವುಗಳ ಬೆನ್ನು ಹಿಡಿದ ಮನುಷ್ಯನ ಮನೆಯಲ್ಲಿ ಮಾತ್ರ ಊಟ, ನಿದ್ರೆ, ಮಾತು, ಮೌನಗಳೆಲ್ಲವೂ ಪಾಳಿಯೊಡನೆ ತಿರುಗುತ್ತಿರುತ್ತವೆ. ಬೇರೆಯವರ ನಿದ್ರೆಗಾಗಿ ತನ್ನ ಆಟವನ್ನು ತಗ್ಗಿಸುವುದು, ಅದೂ ಅಳದೆ, ಸಿಡುಕದೆ, ಹೊಸದೊಂದು ಉಪಾಯ ಹೂಡಿ ತಗ್ಗಿಸುವುದು, ಸಣ್ಣ ವಿದ್ಯೆಯೇನಲ್ಲ. ಅದಕ್ಕೆ ಇಂದು ದೊಡ್ಡ ಹೆಸರೊಂದು ಬಂದಿದೆ.

ಉದ್ಯೋಗ ಕೊಡುವ ಸಂಸ್ಥೆಗಳವರು ಅದನ್ನು ‘ಸಾಫ್ಟ್ ಸ್ಕಿಲ್ಸ್’ ಎನ್ನುವರು. ಕನ್ನಡದಲ್ಲಿ ‘ಮೃದು ಕೌಶಲ’ ಎಂದು ಬರೆಯುವುದುಂಟು. ಇಷ್ಟು ಮೃದುವಾದ ಹೆಸರು ಹರಡಿದ್ದರಲ್ಲಿ ಸೇನೆಯ ಪಾತ್ರವಿದೆ ಎಂಬುದು ಸೋಜಿಗದ ಸಂಗತಿ. 1972ರಲ್ಲಿ ಅಮೆರಿಕದ ಸೇನೆಯ ತರಬೇತಿ ಅಧಿಕಾರಿಗಳು ಇದಕ್ಕೆಂದೇ ಒಂದು ಸಮ್ಮೇಳನವನ್ನು ನಡೆಸಿದರು. ಟ್ಯಾಂಕು, ಟ್ರಕ್ಕು, ಬಂದೂಕುಗಳಂಥ ಯಂತ್ರಗಳೊಡನೆ ಮಾಡುವ ಕೆಲಸವನ್ನು ಹೇಗೆ ಕಲಿಸಬೇಕೆಂದು ಅವರಿಗೆ ತಿಳಿದಿತ್ತು. ಆದರೆ ಜನರನ್ನು ಕೂಡಿಸಿಕೊಂಡು ನಡೆಯುವುದು, ಹೇಳಿದ್ದನ್ನು ಕೇಳಿಸಿಕೊಳ್ಳುವುದು, ಜಗಳ ಬಿಡಿಸುವುದು, ಇವನ್ನು ಹೇಗೆ ಕಲಿಸುವುದು? ಯಂತ್ರದ ಗೊಡವೆಯಿಲ್ಲದ ಈ ವಿದ್ಯೆಗಳಿಗೆ ‘ಮೃದು’ ಎಂಬ ಹೆಸರು ಅಂಟಿಕೊಂಡಿತು. ಕಲಿಯುವುದಕ್ಕೆ ಅವು ಮೃದುವೇನೂ ಅಲ್ಲ. ದೋಣಿಮಲೈಯ ಹಿರಿಯ ಡಂಪರು ಚಾಲಕರನ್ನು ಕೇಳಿದರೆ, ಹೊಸಬನಿಗೆ ಸ್ಟಿಯರಿಂಗು ಹಿಡಿಯಲು ಕಲಿಸುವುದಕ್ಕಿಂತ ಮಾತು ಕೇಳಲು ಕಲಿಸುವುದೇ ಕಷ್ಟವೆಂದು ಹೇಳಿಯಾರು.

ವಿಶ್ವ ಆರೋಗ್ಯ ಸಂಸ್ಥೆಯು 1990ರ ದಶಕದ ಮೊದಲ ಭಾಗದಲ್ಲಿ ಇಂಥವೇ ಹತ್ತು ‘ಜೀವನ ಕೌಶಲ’ಗಳನ್ನು ಗುರುತಿಸಿತು. ಇತರರ ನೋವನ್ನು ಅರಿಯುವುದು, ತನ್ನ ಭಾವಗಳನ್ನು ಹಿಡಿತದಲ್ಲಿಡುವುದು, ತೀರ್ಮಾನ ಕೈಗೊಳ್ಳುವುದು ಮುಂತಾದವು ಅದರಲ್ಲಿ ಸೇರಿವೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ಪ್ರೌಢಶಾಲೆಯ ಮಕ್ಕಳಿಗೆ ಅವನ್ನು ಶಿಕ್ಷಕರ ಮೂಲಕವೇ ಕಲಿಸುವ ಕ್ರಮವೊಂದನ್ನು ರೂಪಿಸಿದ್ದಾರೆ. ಇವೆಲ್ಲ ಸ್ತುತ್ಯವಾದ ಕಾರ್ಯಗಳೇ. ಬೇಸಗೆ ಬಂತೆಂದರೆ ಪಟ್ಟಣಗಳ ಗೋಡೆಗಳ ಮೇಲೆ ಮೂಡುವ ‘ಹತ್ತೇ ದಿನಗಳಲ್ಲಿ ವ್ಯಕ್ತಿತ್ವ ವಿಕಸನ’ದ ಭಿತ್ತಿಪತ್ರಗಳ ಬಗೆಗೆ ಅಷ್ಟೇ ವಿಶ್ವಾಸದಿಂದ ಮಾತನಾಡುವುದು ಕಷ್ಟ. ಟೈ ಕಟ್ಟಿಕೊಂಡು, ಕೈ ಕುಲುಕಿ, ಇಂಗ್ಲಿಷಿನಲ್ಲಿ ತನ್ನ ಪರಿಚಯವನ್ನು ಒಪ್ಪಿಸಲು ಕಲಿತ ಹುಡುಗ ಮನೆಗೆ ಬಂದು ತಂಗಿಯ ಪೆನ್ಸಿಲು ಕಿತ್ತುಕೊಂಡರೆ, ಶುಲ್ಕ ಕೊಟ್ಟು ಕಲಿಸಿದ್ದೇನು ಎಂಬ ಪ್ರಶ್ನೆ ಏಳುವುದು.

ಮೊದಲಿಗೆ ಕಾಯುವ ಗುಣವನ್ನೇ ತೆಗೆದುಕೊಳ್ಳೋಣ. 1960ರ ದಶಕದ ಕೊನೆಯ ಭಾಗದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ ವಾಲ್ಟರ್ ಮಿಶೆಲ್ ಎಂಬ ಮನಶ್ಶಾಸ್ತ್ರಜ್ಞರು ನಡೆಸಿದ ಪ್ರಯೋಗ ಲೋಕಪ್ರಸಿದ್ಧವಾಗಿದೆ. ಮಗುವಿನ ಮುಂದೆ ಒಂದು ಸಿಹಿ ತಿಂಡಿಯನ್ನಿಟ್ಟು, "ಬರುವತನಕ ತಿನ್ನದಿದ್ದರೆ ಎರಡು ಸಿಗುವುದು" ಎಂದು ಹೇಳಿ ದೊಡ್ಡವರು ಹೊರಗೆ ಹೋಗುವುದು. ಮಗು ಎಷ್ಟು ಹೊತ್ತು ತಡೆದುಕೊಳ್ಳುವುದೆಂದು ನೋಡುವುದು. ಹೆಚ್ಚು ಕಾದ ಮಕ್ಕಳು ಮುಂದೆ ಓದಿನಲ್ಲಿಯೂ ನಡೆನುಡಿಯಲ್ಲಿಯೂ ಮೇಲಾದರೆಂಬ ವರದಿಗಳು ಬಂದವು. ಅದನ್ನು ಓದಿದ ಎಷ್ಟೋ ತಂದೆತಾಯಿಗಳು ತಮ್ಮ ಮಕ್ಕಳ ಮುಂದೆ ಪೇಡೆ, ಲಾಡು ಇಟ್ಟು ಪರೀಕ್ಷಿಸಿದ್ದಾರು! ಆದರೆ 2018ರಲ್ಲಿ ಒಂಬೈನೂರಕ್ಕೂ ಹೆಚ್ಚು ಮಕ್ಕಳ ವಿವರಗಳನ್ನು ಪರಿಶೀಲಿಸಿದ ಹೊಸ ಅಧ್ಯಯನವೊಂದು, ಮನೆಯ ಸ್ಥಿತಿಗತಿಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೆ ಈ ನಂಟು ಬಹಳ ಮಟ್ಟಿಗೆ ಕರಗಿಹೋಗುವುದೆಂದು ತೋರಿಸಿತು. ಮಗುವಿನ ಕಾಯುವಿಕೆಯ ಹಿಂದೆ ಮನೆಯೇ ನಿಂತಿರುವುದು.

ಮನೆಯ ಯಾವ ಗುಣ? ಇದಕ್ಕೆ ಉತ್ತರದ ಒಂದು ಎಳೆ ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಸೆಲೆಸ್ಟ್ ಕಿಡ್ ಮತ್ತು ಸಂಗಡಿಗರು ಮಾಡಿ 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಸಿಗುವುದು. ಅವರು ಮೂರರಿಂದ ಐದು ವರ್ಷದ 28 ಮಕ್ಕಳನ್ನು ಎರಡು ಗುಂಪು ಮಾಡಿದರು. ಇಬ್ಬರಿಗೂ ಮೊದಲು ಹಳೆಯ ಬಣ್ಣದ ಕಡ್ಡಿಗಳನ್ನು ಕೊಟ್ಟು, "ತಾಳು, ಇನ್ನೂ ಒಳ್ಳೆಯವನ್ನು ತರುವೆವು" ಎಂದು ಮಾತು ಕೊಟ್ಟರು. ಒಂದು ಗುಂಪಿಗೆ ಹೇಳಿದಂತೆ ತಂದುಕೊಟ್ಟರು. ಇನ್ನೊಂದು ಗುಂಪಿಗೆ ಬರಿಗೈಯಲ್ಲಿ ಬಂದು, "ತಪ್ಪಾಯಿತು, ನಮ್ಮಲ್ಲಿ ಬೇರೆ ಇಲ್ಲ" ಎಂದರು. ಅನಂತರವೇ ತಿಂಡಿಯ ಪರೀಕ್ಷೆ. ಮಾತು ಉಳಿಸಿಕೊಂಡವರನ್ನು ಕಂಡ ಮಕ್ಕಳು ಸರಾಸರಿ ಹನ್ನೆರಡು ನಿಮಿಷ ಕಾದರು. ಮಾತು ತಪ್ಪಿದವರನ್ನು ಕಂಡ ಮಕ್ಕಳು ಮೂರು ನಿಮಿಷ. ಎರಡನೆಯ ಗುಂಪಿನ ಮಕ್ಕಳನ್ನು ದುಡುಕಿನವರೆನ್ನುವುದು ಅನ್ಯಾಯ. ನಂಬಲಾಗದವರ ಎದುರಿನಲ್ಲಿ ಕೈಗೆ ಸಿಕ್ಕಿದ್ದನ್ನು ತಿಂದುಬಿಡುವುದೇ ಜಾಣತನವೆಂದು ಅವರು ತಿಳಿದಿದ್ದರೆ ತಪ್ಪೇನು? ಗಮನಿಸಬೇಕಾದದ್ದು ಮತ್ತೊಂದಿದೆ. ತಪ್ಪಾಯಿತೆಂದು ದೊಡ್ಡವರು ಹೇಳಿಕೊಂಡರೂ ಹೋದ ವಿಶ್ವಾಸ ಆ ಗಳಿಗೆಯಲ್ಲಿ ಮರಳಿ ಬರಲಿಲ್ಲ.

ಗಣಿಯೂರಿನ ಮನೆಗೆ ಇದರ ಅರ್ಥ ಬಹಳ ಆಳವಾಗಿ ತಟ್ಟುವುದು. "ಈ ಭಾನುವಾರ ಹಂಪಿಗೆ ಹೋಗೋಣ, ಕಲ್ಲಿನ ರಥ ತೋರಿಸುತ್ತೇನೆ" ಎಂದು ಅಪ್ಪ ಹೇಳಿರುವನು. ಶನಿವಾರ ಸಂಜೆ ಮೇಲಧಿಕಾರಿಯ ಕರೆ ಬರುವುದು. ಯಾರೋ ಬಂದಿಲ್ಲ, ಇವನೇ ಹೋಗಬೇಕು. ಮಗುವಿಗೆ ತಿಳಿಯುವುದು ಒಂದೇ: ಅಪ್ಪ ಹೇಳಿದ್ದು ಆಗಲಿಲ್ಲ. ಎರಡು ಬಾರಿ, ಮೂರು ಬಾರಿ ಹೀಗಾದರೆ "ನಾಳೆ", "ಆಮೇಲೆ", "ಮುಂದಿನ ವಾರ" ಎಂಬ ಮಾತುಗಳೆಲ್ಲ ಆ ಮಗುವಿನ ಕಿವಿಗೆ ‘ಇಲ್ಲ’ ಎಂಬ ಅರ್ಥವನ್ನೇ ಕೊಡತೊಡಗುವುವು. ದುಡಿಯುವವನದೇನೂ ತಪ್ಪಿಲ್ಲ. ಆದರೂ ಮಾತು ಕೊಡುವ ಮುನ್ನ ಅವನು ಪಾಳಿಯ ಪಟ್ಟಿಯನ್ನು ಮಗುವಿನೊಡನೆ ಕುಳಿತು ನೋಡಬಹುದು. "ಪಾಳಿ ಬದಲಾಗದಿದ್ದರೆ ಹಂಪಿ, ಬದಲಾದರೆ ಸಂಜೆ ನಾರಿಹಳ್ಳದ ಅಣೆಕಟ್ಟು" ಎಂದು ಎರಡು ಮಾತುಗಳನ್ನೂ ಮೊದಲೇ ಹೇಳಬಹುದು. ದೊಡ್ಡ ಮಾತು ಕೊಡಲಾಗದ ದಿನ ಸಣ್ಣ ಮಾತು ಕೊಡಬಹುದು: ಮಲಗುವ ಮುನ್ನ ಒಂದು ಕಥೆ, ಬರುವಾಗ ಒಂದು ಪೊಟ್ಟಣ ಕಡಲೆಬೀಜ. ಕೊಟ್ಟ ಮೇಲೆ ಮಾತ್ರ, ಎಷ್ಟೇ ದಣಿದಿರಲಿ, ಅದನ್ನು ನಡೆಸಬೇಕು. ಅಡುಗೆಮನೆಯ ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿನಲ್ಲಿ ಅಪ್ಪನ ಪಾಳಿಗಳನ್ನು ಮಗುವೇ ಮೂರು ಬಣ್ಣದ ಪೆನ್ಸಿಲುಗಳಿಂದ ಗುರುತಿಸುವ ಮನೆಯಲ್ಲಿ ವಾರದ ಲೆಕ್ಕವನ್ನೂ, ಅಪ್ಪನ ದಣಿವಿನ ಲೆಕ್ಕವನ್ನೂ ಬೇರೆ ಕಲಿಸಬೇಕಾಗುವುದಿಲ್ಲ.

ಕೈಗೆಲಸದ ವಿಚಾರಕ್ಕೆ ಬಂದರೆ, ತಾಯಂದಿರ ದೂರು ಎಲ್ಲೆಡೆಯೂ ಒಂದೇ: "ಮಕ್ಕಳು ಒಂದು ಕಡ್ಡಿ ಎತ್ತಿ ಆಚೆ ಇಡುವುದಿಲ್ಲ." ಚಿಕ್ಕಂದಿನಲ್ಲಿ ಆ ಮಕ್ಕಳು ಹಾಗಿರಲಿಲ್ಲ ಎಂಬುದನ್ನು ತಾಯಂದಿರೇ ಮರೆತಿರುತ್ತಾರೆ. ಜರ್ಮನಿಯ ಲೈಪ್‌ಜಿಗ್ ನಗರದಲ್ಲಿ ಫೆಲಿಕ್ಸ್ ವಾರ್ನೆಕೆನ್ ಮತ್ತು ಮೈಕೆಲ್ ಟೊಮಸೆಲ್ಲೊ ಎಂಬ ವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಅಪರಿಚಿತನೊಬ್ಬನ ಕೈಯಿಂದ ಬಟ್ಟೆಯ ಕ್ಲಿಪ್ಪು ಬಿದ್ದು ಅವನು ಕೈಚಾಚಿ ಒದ್ದಾಡುತ್ತಿದ್ದರೆ, ಹದಿನೆಂಟು ತಿಂಗಳ ಶಿಶುಗಳು ತಾವಾಗಿಯೇ ತೆಗೆದುಕೊಟ್ಟವು. 24 ಶಿಶುಗಳಲ್ಲಿ 22 ಒಮ್ಮೆಯಾದರೂ ನೆರವಾದವು. ಅದೇ ಇಬ್ಬರು ಎರಡು ವರ್ಷಗಳ ಅನಂತರ ತೋರಿಸಿದ ಸಂಗತಿ ಇನ್ನೂ ವಿಚಾರಾರ್ಹವಾದುದು. ನೆರವಾದುದಕ್ಕೆ ಪ್ರತಿಸಲವೂ ಬಹುಮಾನ ಪಡೆದ ಶಿಶುಗಳು, ಬಹುಮಾನ ನಿಂತ ಮೇಲೆ, ಏನನ್ನೂ ಪಡೆಯದ ಶಿಶುಗಳಿಗಿಂತ ಕಡಿಮೆ ನೆರವಾದವು! "ಲೋಟ ತೊಳೆದಿಟ್ಟರೆ ಚಾಕಲೇಟು" ಎಂಬ ಒಪ್ಪಂದ ಮಾಡಿಕೊಳ್ಳುವ ಮನೆಗಳು ಇದನ್ನು ಒಮ್ಮೆ ಆಲೋಚಿಸುವುದು ಒಳ್ಳೆಯದು.

ಎರಡು ವರ್ಷದ ಮಗು ಜೋಳದ ಹಿಟ್ಟಿಗೆ ಕೈ ಹಾಕಿ "ನಾನೂ ರೊಟ್ಟಿ ಬಡೀತೀನಿ" ಎಂದಾಗ ಹಿಟ್ಟೆಲ್ಲ ಚೆಲ್ಲುವುದು ನಿಜ. ಹೊತ್ತು ಹೋಗುವುದೂ ನಿಜ. ಅಂದು "ನಿನಗೆ ಬರೊಲ್ಲ, ಆಚೆ ಹೋಗು" ಎಂದು ಅಟ್ಟಿದ ಮಗುವನ್ನೇ ಹನ್ನೆರಡನೆಯ ವರ್ಷದಲ್ಲಿ "ಬಾರೇ, ಸ್ವಲ್ಪ ಕೈ ಹಚ್ಚು" ಎಂದು ಕರೆದರೆ ಅದು ಬರುವುದಾದರೂ ಹೇಗೆ? ಒಂದು ಉಂಡೆ ಹಿಟ್ಟನ್ನು ಅದಕ್ಕೆ ಕೊಟ್ಟು, ಅದು ಬಡಿದ ಕರ್ನಾಟಕದ ಭೂಪಟದಂಥ ರೊಟ್ಟಿಯನ್ನು ಅಪ್ಪನ ತಟ್ಟೆಗೆ ಹಾಕಿದರಾಯಿತು. ಸಂಡೂರಿನ ಸುತ್ತಲ ತಾಂಡಾಗಳಲ್ಲಿ ಲಂಬಾಣಿ ಕಸೂತಿ ಕೈಯಿಂದ ಕೈಗೆ ದಾಟಿ ಬಂದದ್ದೂ ಈ ಕ್ರಮದಿಂದಲೇ. ತಾಯಿ ಹೊಲಿಯುವಾಗ ಮಗಳು ಪಕ್ಕದಲ್ಲಿ ಕುಳಿತು ನೋಡುವಳು. ಮೊದಮೊದಲು ದಾರ ಪೋಣಿಸುವಳು. ಅನಂತರ ಅಂಚಿನ ಒಂದೆರಡು ಹೊಲಿಗೆ ಹಾಕುವಳು. ಕೆಟ್ಟರೆ ಬಿಚ್ಚಿ ಮತ್ತೆ ಹಾಕುವಳು. ಭೌಗೋಳಿಕ ಗುರುತು ಪಡೆದಿರುವ ಈ ಕಲೆಯ ವಸ್ತುಗಳನ್ನು 2023ರ ಜುಲೈಯಲ್ಲಿ ಹಂಪಿಯಲ್ಲಿ ನಡೆದ ಜಿ-20 ಸಭೆಯಲ್ಲಿ ಪ್ರದರ್ಶಿಸಿದಾಗ ಅದು ಗಿನ್ನೆಸ್ ದಾಖಲೆಯಾಯಿತು. ದಾಖಲೆಯ ಹಿಂದೆ ಇದ್ದದ್ದು ತಾಯಿಯ ಮಗ್ಗುಲಲ್ಲಿ ಕುಳಿತು ಬಿಚ್ಚಿ ಹೊಲಿದ ಬೆರಳುಗಳು.

ಮಾತಿನ ವಿಷಯದಲ್ಲಂತೂ ಸಂಡೂರು ತಾಲೂಕಿನವರು ಉದಾಹರಣೆಗಾಗಿ ದೂರ ಹೋಗಬೇಕಾಗಿಯೇ ಇಲ್ಲ. ದರೋಜಿಯ ಬುರ್ರಕಥಾ ಈರಮ್ಮನವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ, ಅಕ್ಷರ ಬಲ್ಲವರಲ್ಲ. ತಂದೆಯ ಬಾಯಿಂದ ಕೇಳಿ ಕೇಳಿ ಹಾಡುಗಬ್ಬಗಳನ್ನು ನಾಲಗೆಯ ಮೇಲೆ ನಿಲ್ಲಿಸಿಕೊಂಡರು. ಮುದ್ರಿಸಿದರೆ ಸಾವಿರಾರು ಪುಟಗಳಾಗುವಷ್ಟು ಕಾವ್ಯ ಅವರ ನೆನಪಿನಲ್ಲಿತ್ತು. ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಅವರ ಕಾವ್ಯಗಳನ್ನು ಬರೆಹಕ್ಕಿಳಿಸಿ ಪ್ರಕಟಿಸಿದ್ದಲ್ಲದೆ ‘ನಾಡೋಜ’ ಪದವಿಯಿತ್ತು ಗೌರವಿಸಿತು. 2014ರ ಆಗಸ್ಟಿನಲ್ಲಿ ಅವರು ತೀರಿಕೊಂಡರು. ಸಾವಿರ ಜನರ ಮುಂದೆ ಅಳುಕದೆ ನಿಂತು ರಾತ್ರಿಯಿಡೀ ಕಥೆ ನಡೆಸುವ ಎದೆಗಾರಿಕೆಯನ್ನು ಅವರಿಗೆ ಯಾವ ಶಿಬಿರವೂ ಕಲಿಸಿರಲಿಲ್ಲ.

ಬುರ್ರಕಥೆಯಲ್ಲಿ ಮುಖ್ಯ ಹಾಡುಗಾರರಷ್ಟೇ ಮುಖ್ಯರಾದವರು ಪಕ್ಕದ ಸಂಗಡಿಗರು. ಅವರು ವಾದ್ಯ ನುಡಿಸುತ್ತ, ಸೊಲ್ಲಿಗೆ ಸೊಲ್ಲು ಕೂಡಿಸುತ್ತ, "ಆಮೇಲೇನಾಯಿತು?" ಎಂದು ನಡುನಡುವೆ ಕೇಳುತ್ತ ಕಥೆಯನ್ನು ಮುಂದಕ್ಕೆ ನೂಕುವರು. ಕೇಳುವವರಿಲ್ಲದೆ ಹೇಳುವವರಿಲ್ಲ. ಅಜ್ಜಿಯ ಕಥೆಗೆ ಮೊಮ್ಮಕ್ಕಳು ಹೂಂಗುಟ್ಟುವ ಪದ್ಧತಿ ನಮ್ಮ ಮನೆಗಳಲ್ಲಿದ್ದುದು ಇದಕ್ಕಾಗಿಯೇ. ಹೂಂಗುಟ್ಟುವುದನ್ನು ನಿಲ್ಲಿಸಿದೊಡನೆ ಅಜ್ಜಿ ಕಥೆಯನ್ನು ನಿಲ್ಲಿಸುವಳು. ಇಂದಿನ ತಂದೆತಾಯಿಗಳು ಮಕ್ಕಳಿಗೆ ಕಥೆ ಹೇಳುವುದಕ್ಕಿಂತ, ಮಕ್ಕಳು ಹೇಳುವುದಕ್ಕೆ ಹೂಂಗುಟ್ಟುವುದನ್ನೇ ಮೊದಲು ಕಲಿಯಬೇಕಾಗಿದೆ ಎಂದರೆ ಕಠಿಣವಾದೀತೆ? ಶಾಲೆಯಿಂದ ಬಂದ ಮಗು, "ಅಮ್ಮಾ, ಇವತ್ತು ಏನಾಯ್ತು ಗೊತ್ತಾ?" ಎಂದು ಆರಂಭಿಸುವುದು. ಅಮ್ಮನ ಕಣ್ಣು ಮೊಬೈಲಿನಲ್ಲಿ. "ಹೂಂ, ಹೇಳು" ಎಂಬ ಮಾತೇನೋ ಬರುವುದು; ಆ ‘ಹೂಂ’ ಯಾರಿಗೆ ಸೇರಿದ್ದೆಂದು ಮಗುವಿಗೆ ಚೆನ್ನಾಗಿ ಗೊತ್ತು. ಹದಿನೈದನೆಯ ವಯಸ್ಸಿನಲ್ಲಿ "ಇವನು ನಮ್ಮೊಡನೆ ಏನನ್ನೂ ಹೇಳಿಕೊಳ್ಳುವುದೇ ಇಲ್ಲ" ಎಂದು ಕೊರಗುವ ಮನೆಗಳಲ್ಲಿ ಆ ಮೌನದ ಬೀಜ ಬಿದ್ದುದು ಇಂಥ ಸಂಜೆಗಳಲ್ಲಿ.

ದೋಣಿಮಲೈಯಂಥ ವಸತಿನಗರಕ್ಕೆ ಇನ್ನೊಂದು ವಿಶೇಷವಿದೆ. ನಿಗಮದ ದೊಡ್ಡ ಗಣಿಗಳು ಛತ್ತೀಸ್‌ಗಢದ ಬೈಲಾಡಿಲಾದಲ್ಲಿವೆ. ಮುಖ್ಯ ಕಚೇರಿ ಹೈದರಾಬಾದಿನಲ್ಲಿದೆ. ಅಲ್ಲಿಂದಿಲ್ಲಿಗೆ, ಇಲ್ಲಿಂದಲ್ಲಿಗೆ ವರ್ಗವಾಗುವ ಕುಟುಂಬಗಳುಂಟು. ಕಿರಂದುಲಿನಿಂದ ಬಂದ ಹುಡುಗಿಯೊಬ್ಬಳು ಆಟದ ಬಯಲಿನ ಅಂಚಿನಲ್ಲಿ ನಿಂತಿರುವಳು. ಅವಳ ಬಾಯಲ್ಲಿ ಹಿಂದಿ. ಬಯಲಿನಲ್ಲಿ ಕನ್ನಡ, ತೆಲುಗು, ಉರ್ದು, ಲಂಬಾಣಿ. "ಹೋಗು, ಅವರ ಜೊತೆ ಆಡು" ಎಂದು ಹಿಂದಿನಿಂದ ನೂಕಿದರೆ ಅವಳ ಕಾಲು ಇನ್ನಷ್ಟು ಗಟ್ಟಿಯಾಗಿ ನೆಲಕ್ಕಂಟುವುದು. ಗುಂಪನ್ನು ಎದುರಿಸುವುದು ದೊಡ್ಡವರಿಗೂ ಕಷ್ಟವೇ. ಗುಂಪಿನಿಂದ ಒಂದು ಮಗುವನ್ನು ಮಾತ್ರ ಸಂಜೆ ಮನೆಗೆ ಕರೆದು, ಇಬ್ಬರ ನಡುವೆ ಒಂದು ತಟ್ಟೆ ಮಂಡಕ್ಕಿ ಒಗ್ಗರಣೆಯನ್ನಿಟ್ಟರೆ, ಭಾಷೆಯ ತೊಡಕು ತಟ್ಟೆ ಬರಿದಾಗುವುದರೊಳಗೆ ಅರ್ಧ ಬಿಡಿಸಿಹೋಗುವುದು. ಮರುದಿನ ಬಯಲಿನಲ್ಲಿ ಅವಳಿಗೆ ಒಂದು ಪರಿಚಿತ ಮುಖವಿರುವುದು. ಊರಿನ ಮಗುವಿನ ತಾಯಿಗೂ ಇಲ್ಲಿ ಕೆಲಸವುಂಟು. "ಹೊಸ ಹುಡುಗಿ ಬಂದಿದ್ದಾಳಲ್ಲ, ಅವಳಿಗೆ ಯಾವ ಆಟ ಬರುತ್ತಂತೆ? ಕೇಳಿದೆಯಾ?" ಎಂಬ ಒಂದು ಪ್ರಶ್ನೆ ಸಾಕು. ಸಂಡೂರಿನ ಸಂತೆಯಲ್ಲಿ ಮಗುವಿನ ಕೈಗೇ ಹಣ ಕೊಟ್ಟು, ತಾನು ಎರಡು ಹೆಜ್ಜೆ ಹಿಂದೆ ನಿಂತು, ಟೊಮೆಟೊದ ಬೆಲೆಯನ್ನು ಅದೇ ಕೇಳಲಿ, ಚಿಲ್ಲರೆಯನ್ನು ಅದೇ ಎಣಿಸಲಿ ಎಂದು ಸುಮ್ಮನಿರಬಲ್ಲ ತಂದೆಯೂ ಇಂಥದೇ ಪಾಠವನ್ನು ಕಲಿಸುವನು. ಸುಮ್ಮನಿರುವುದು ಮಾತ್ರ ಅವನಿಗೆ ಕಷ್ಟ.

ಎಲ್ಲಕ್ಕಿಂತ ಕಠಿಣವಾದ ಪರೀಕ್ಷೆ ಮನೆಗೆ ಸಂಕಟ ಬಂದಾಗಿನದು. ಬಳ್ಳಾರಿ ಸೀಮೆ ಅದನ್ನು ಎರಡು ಬಾರಿ ಹತ್ತಿರದಿಂದ ಕಂಡಿದೆ. 2011ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಹಿಡಿಯಿತು. ಅಕ್ರಮವನ್ನು ತಡೆಯಲು ಅದು ಅಗತ್ಯವಾಗಿತ್ತೆಂಬುದು ಬೇರೆ ಮಾತು. ಸಾಲ ಮಾಡಿ ಲಾರಿ ಕೊಂಡವರ, ಆ ಲಾರಿ ಓಡಿಸುತ್ತಿದ್ದವರ, ಗ್ಯಾರೇಜು, ಹೋಟೆಲು ಇಟ್ಟುಕೊಂಡವರ ಮನೆಗಳಲ್ಲಿ ಒಮ್ಮೆಲೇ ಮೌನ ಕವಿಯಿತು. ಹೊಸಪೇಟೆ, ಸಂಡೂರುಗಳ ರಸ್ತೆಬದಿಯಲ್ಲಿ ಲಾರಿಗಳು ಸಾಲುಗಟ್ಟಿ ನಿಂತವು. ಮತ್ತೆ 2018ರ ನವೆಂಬರಿನಲ್ಲಿ, ಗುತ್ತಿಗೆ ನವೀಕರಣದ ಷರತ್ತುಗಳ ಬಗೆಗೆ ರಾಜ್ಯ ಸರಕಾರಕ್ಕೂ ನಿಗಮಕ್ಕೂ ಭಿನ್ನಾಭಿಪ್ರಾಯವುಂಟಾಗಿ, ದೋಣಿಮಲೈ ಗಣಿಯೇ ನಿಂತಿತು. ಅದು ಮರಳಿ ತೆರೆದದ್ದು 2021ರ ಫೆಬ್ರವರಿಯಲ್ಲಿ. ಅಂದು ಒಂದನೆಯ ತರಗತಿಗೆ ಸೇರಿದ ಮಗು ಮೂರನೆಯ ತರಗತಿಗೆ ಬರುವಷ್ಟು ಕಾಲ. ಅದರಲ್ಲೊಂದು ವರ್ಷ ಕೊರೋನಾ ಕಾರಣದಿಂದ ಶಾಲೆಗಳೂ ಮುಚ್ಚಿದ್ದವು.

ಇಂಥ ದಿನಗಳಲ್ಲಿ ಮನೆಯ ಹಿರಿಯರು ಮಕ್ಕಳಿಂದ ಎಲ್ಲವನ್ನೂ ಮುಚ್ಚಿಡಲು ಯತ್ನಿಸುವುದು ಸಹಜ. ಮಕ್ಕಳಿಗೇಕೆ ಈ ಚಿಂತೆ ಎಂಬ ಕರುಣೆಯೇ ಅದಕ್ಕೆ ಕಾರಣ. ಆದರೆ ಮುಚ್ಚಿಟ್ಟದ್ದು ಮುಚ್ಚಿರುವುದಿಲ್ಲ. ರಾತ್ರಿ ಅಡುಗೆಮನೆಯಲ್ಲಿ ತಗ್ಗಿದ ದನಿಯ ಮಾತು, ಫೋನು ಬಂದಾಗ ಅಪ್ಪ ಎದ್ದು ಹೊರಗೆ ಹೋಗುವುದು, ಕೇಳಿದ ಪುಸ್ತಕಕ್ಕೆ ಅಮ್ಮ ಸಿಡುಕುವುದು, ಇವನ್ನೆಲ್ಲ ಮಗು ಕಾಣುತ್ತಲೇ ಇರುವುದು. ಕಾಣುವುದು ತುಣುಕುಗಳನ್ನು ಮಾತ್ರ. ಉಳಿದುದನ್ನು ತಾನೇ ಹೆಣೆದುಕೊಳ್ಳುವುದು. ಎಂಟು ವರ್ಷದ ಮಗು ಹೆಣೆದುಕೊಳ್ಳುವ ಕಥೆಯಲ್ಲಿ ತಪ್ಪಿತಸ್ಥ ಸಾಮಾನ್ಯವಾಗಿ ಅದೇ ಆಗಿರುವುದು. ತನ್ನ ಅಂಕ ಕಡಿಮೆಯಾದುದರಿಂದಲೇ ಅಪ್ಪ ನಗುತ್ತಿಲ್ಲ ಎಂದು ಅದು ನಂಬಿ ಕುಳಿತಿರಬಹುದು. ಆ ನಂಬಿಕೆಯನ್ನು ಬಾಯಿಬಿಟ್ಟು ಹೇಳಲಾರದು.

ಅದಕ್ಕಿಂತ, ಊಟವಾದ ಮೇಲೆ ಎಲ್ಲರೂ ಕುಳಿತಿರುವಾಗ ಅಪ್ಪನೇ ಹೇಳುವುದು ಮೇಲು: "ಗಣಿ ಸ್ವಲ್ಪ ದಿನ ನಿಂತಿದೆ. ಯಾವಾಗ ಶುರುವಾಗುತ್ತೆ ಅಂತ ನನಗೂ ಗೊತ್ತಿಲ್ಲ. ಅದಕ್ಕೇ ನನಗೆ ಚಿಂತೆ. ನೀವೇನೂ ತಪ್ಪು ಮಾಡಿಲ್ಲ. ನಿಮ್ಮ ಶಾಲೆ, ನಮ್ಮ ಊಟ, ಎರಡೂ ನಡೆಯುತ್ತೆ. ಈ ವರ್ಷ ಸೈಕಲ್ ಮಾತ್ರ ಆಗೋದಿಲ್ಲ." ನಾಲ್ಕಾರು ವಾಕ್ಯಗಳು. ಇದರಲ್ಲಿ ಸುಳ್ಳು ಭರವಸೆಯಿಲ್ಲ. ಮಗುವಿನ ತಲೆಯ ಮೇಲೆ ಹೊರಲಾಗದ ಹೊರೆಯೂ ಇಲ್ಲ. ಸಾಲದ ಮೊತ್ತ, ನ್ಯಾಯಾಲಯದ ವಿವರ, ನೆಂಟರ ಮೇಲಿನ ಬೇಸರ, ಇವು ಮಕ್ಕಳಿಗೆ ಬೇಡ. ಯಾವುದು ನಡೆಯುವುದು, ಯಾವುದು ನಿಲ್ಲುವುದು ಎಂಬಿಷ್ಟು ಬೇಕು. ಅಂದು ಆ ಮಕ್ಕಳು ಅಪ್ಪನ ಬಾಯಿಂದ "ನನಗೂ ಗೊತ್ತಿಲ್ಲ", "ನನಗೆ ಚಿಂತೆಯಾಗಿದೆ" ಎಂಬ ಎರಡು ಮಾತುಗಳನ್ನು ಕೇಳಿಸಿಕೊಂಡಿರುವುವು. ಗಂಡಸೊಬ್ಬನು ಕೂಗಾಡದೆ, ಕುಡಿಯದೆ, ಮುನಿದು ಮೂಲೆ ಸೇರದೆ ತನ್ನ ಚಿಂತೆಯನ್ನು ಮಾತಿನಲ್ಲಿ ಹೇಳಬಹುದೆಂದು ಮಗನಿಗೆ ತಿಳಿಯುವುದು ಮತ್ತಾವ ಶಾಲೆಯಲ್ಲಿ?

ಇದರ ಬೆನ್ನಿಗೇ ಬರುವುದು ಕ್ಷಮೆ ಕೇಳುವ ಪ್ರಶ್ನೆ. "ಸಾರಿ ಹೇಳು, ಹೇಳ್ತೀಯೋ ಇಲ್ಲವೋ!" ಎಂದು ಬೆದರಿಸಿ ಹೇಳಿಸಿದ ‘ಸಾರಿ’ಯಿಂದ ಮಗು ಕಲಿಯುವುದು ತಪ್ಪಿಸಿಕೊಳ್ಳುವ ಉಪಾಯವೊಂದನ್ನೇ. ನೆರೆಮನೆಯ ಹೂಕುಂಡ ಒಡೆದರೆ, ಮಗುವನ್ನು ಜೊತೆಗೆ ಕರೆದುಕೊಂಡು ಹೋಗಿ, ಒಡೆದ ಚೂರುಗಳನ್ನು ಆಯ್ದು, ಗಿಡವನ್ನು ಬೇರೆ ಡಬ್ಬಿಯಲ್ಲಿ ನೆಟ್ಟುಕೊಟ್ಟು ಬರುವುದು ಹೆಚ್ಚು ಹೊತ್ತಿನ ಕೆಲಸ. ಆದರೆ ಅಲ್ಲಿ ಮಾತಿನ ಹಿಂದೆ ಕೈಯೂ ಇರುವುದು. ದೊಡ್ಡವರು ಮಕ್ಕಳಲ್ಲಿ ಕ್ಷಮೆ ಕೇಳಿದರೆ ಗೌರವ ಹೋಗುವುದೆಂಬ ಭಯ ಇನ್ನೂ ಎಷ್ಟೋ ಮನೆಗಳಲ್ಲಿದೆ. ಗಣಿಯಲ್ಲಿ ದುಡಿಯುವವರಿಗಾದರೂ ಈ ಭಯ ಇರಬಾರದು. ಬ್ರೇಕು ಸರಿಯಿಲ್ಲವೆಂದು ಗೊತ್ತಿದ್ದೂ ಹೇಳದೆ ಡಂಪರನ್ನು ಮುಂದಿನ ಪಾಳಿಯವನಿಗೆ ಒಪ್ಪಿಸಿದರೆ ಏನಾಗುವುದೆಂದು ಅವರಿಗೆ ಹೇಳಿಕೊಡಬೇಕಾಗಿಲ್ಲ. ತಪ್ಪನ್ನು ಕೂಡಲೇ ಹೇಳುವವನೇ ಅಲ್ಲಿ ನಂಬಿಕಸ್ಥ. ಹಾಗೆ ಹೇಳಿದವನನ್ನು ಎಲ್ಲರೆದುರು ಬೈದರೆ ಮುಂದಿನ ಸಲ ಅವನು ಬಾಯಿಬಿಡಲಾರ ಎಂಬುದೂ ಅವರಿಗೆ ತಿಳಿದದ್ದೇ. ಆ ತಿಳಿವಳಿಕೆಯನ್ನು ಬೂಟಿನ ಜೊತೆಗೆ ಬಾಗಿಲಲ್ಲೇ ಕಳಚಿಟ್ಟು ಒಳಗೆ ಬರುವುದೇಕೆ?

ಮಧ್ಯಾಹ್ನ ಮೂರು ಹೊಡೆಯಿತು. ಒಳಕೋಣೆಯಲ್ಲಿ ಮಂಚ ಕಿರುಗುಟ್ಟಿತು. ನಡುಮನೆಯ ಚಾಪೆಯ ಮೇಲೆ ಕುಳಿತಿದ್ದ ಹುಡುಗ ಗಡಿಯಾರವನ್ನೊಮ್ಮೆ, ಬಾಗಿಲನ್ನೊಮ್ಮೆ ನೋಡಿದ. ತಂದೆ ಕಣ್ಣುಜ್ಜುತ್ತ ಹೊರಗೆ ಬಂದ. ಸೀರೆಯ ಗಂಟಿನಿಂದ ಚೆಂಡನ್ನು ಬಿಚ್ಚಿ ತೆಗೆಯುತ್ತ ಮಗ ಕೇಳಿದ:

"ಅಪ್ಪಾ, ಈಗ ನಿನಗೆ ಬೆಳಗಾಯ್ತಾ?"

"ಆಯ್ತು. ಎಲ್ಲಿ, ಕೊಡು ನೋಡೋಣ ಆ ಚೆಂಡು. ಮನೆಯೊಳಗೆ ಬೇಡ, ಹೊರಗೆ ನಡಿ."

ಚಹ ಒಲೆಯ ಮೇಲೆ ಕುದಿಯುತ್ತಿತ್ತು. ಅದು ಆರಿದ ಮೇಲೆ ಮತ್ತೆ ಬಿಸಿ ಮಾಡಬೇಕಾಯಿತು.